ಆನ್‌ಲೈನ್ ಜೂಜಿಗೆ ಮಾನ್ಯತೆ ಕೊಡಲು ಯಾವ ಪಕ್ಷ ಪರ, ಯಾವ ಪಕ್ಷ ವಿರೋಧ?

ಆನ್‌ಲೈನ್ ಜೂಜನ್ನು ಕಾನೂನುಬದ್ಧಗೊಳಿಸಲು ಯಾವ ಪಕ್ಷ ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ ಎಂದು ಕೇಳಿದ್ದೀರಿ. ಎರಡು ಕಾಲಂ ಮಾಡಿ ಕೊಟ್ಟರೆ ಪರೀಕ್ಷೆಗೆ ಅನುಕೂಲ ಎಂದೂ ಬರೆದಿದ್ದೀರಿ. ನಾನು ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಸಂವಿಧಾನ ಪಾಠ ಹೇಳುವವನು. ಎರಡು ಕಾಲಂ ಹಾಕಿಸುವುದೇ ನನ್ನ ಹೊಟ್ಟೆಪಾಡು. ನಿಮ್ಮ ಸಲುವಾಗಿ ಇದನ್ನೂ ಹಾಕಲು ಕುಳಿತೆ. ಅರ್ಧ ಪುಟ ತುಂಬುವಷ್ಟರಲ್ಲಿ ಬಿಜೆಪಿ ಎರಡೂ ಕಡೆ ಬಂದು ಕುಳಿತಿತ್ತು, ಕಾಂಗ್ರೆಸ್ಸೂ ಎರಡೂ ಕಡೆ ಇತ್ತು. ಹಾಳೆ ಹರಿದು ಹಾಕಿದೆ.

ನನ್ನ ತರಗತಿಯಲ್ಲಿ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಈ ವಿಷಯದಲ್ಲಿ ಪಕ್ಷದ ಬಾವುಟ ನೋಡಬೇಡಿ, ಮಾತನಾಡುವವರ ಕೈಯಲ್ಲಿ ಯಾವ ಖಾತೆ ಇದೆ ನೋಡಿ. ಪೊಲೀಸ್ ಠಾಣೆಗೆ ಬರುವ ದೂರಿಗೆ ಉತ್ತರ ಕೊಡಬೇಕಾದವರು ನಿಷೇಧ ಎನ್ನುತ್ತಾರೆ. ತೆರಿಗೆ, ಉದ್ಯಮ, ಉದ್ಯೋಗದ ಲೆಕ್ಕ ಕೊಡಬೇಕಾದವರು ನಿಯಂತ್ರಣ ಎನ್ನುತ್ತಾರೆ. ಈ ಸೂತ್ರ ಒಂದು ಕಡೆ ತಪ್ಪುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ.

ನಮ್ಮ ರಾಜ್ಯದಿಂದಲೇ ಶುರು ಮಾಡೋಣ. 2021ರ ಸೆಪ್ಟೆಂಬರ್‌ನಲ್ಲಿ ಬಿಜೆಪಿ ಸರ್ಕಾರ ಕರ್ನಾಟಕ ಪೊಲೀಸ್ ಕಾಯ್ದೆ, 1963ಕ್ಕೆ ತಿದ್ದುಪಡಿ ತಂದಿತು. ಮಸೂದೆ ಮಂಡಿಸಿದವರು ಗೃಹ ಸಚಿವ ಆರಗ ಜ್ಞಾನೇಂದ್ರ. ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ, ಆಗ ನಮ್ಮ ಶಿಗ್ಗಾವಿಯ ಶಾಸಕರು, ಈಗ ಹಾವೇರಿಯ ಸಂಸದರು. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟ ಕೌಶಲದ್ದಾದರೂ ಜೂಜೇ ಎಂದಿತು ಆ ತಿದ್ದುಪಡಿ. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕುದುರೆ ಜೂಜಿಗೆ ವಿನಾಯಿತಿ! ಬೆಂಗಳೂರಿನ ಕುದುರೆ ಓಡಿದರೆ ಕ್ರೀಡೆ, ಹಾವೇರಿಯ ಹುಡುಗ ಮೊಬೈಲಿನಲ್ಲಿ ಎಲೆ ಎಸೆದರೆ ಅಪರಾಧ. ಇದನ್ನು ಪಾಠ ಮಾಡುವಾಗ ಹಿಂದಿನ ಬೆಂಚಿನಿಂದ ನಗು ಬಾರದೆ ಇರುವುದಿಲ್ಲ.

ಕಂಪನಿಗಳು ಹೈಕೋರ್ಟಿಗೆ ಹೋದವು. 2022ರ ಫೆಬ್ರುವರಿ 14ರಂದು ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಆ ತಿದ್ದುಪಡಿಯ ಮುಖ್ಯ ಕಲಂಗಳನ್ನು ರದ್ದುಪಡಿಸಿತು. ರಾಜ್ಯಪಟ್ಟಿಯ (ರಾಜ್ಯಗಳು ಕಾಯ್ದೆ ಮಾಡಬಹುದಾದ ವಿಷಯಗಳೆಂದು ಸಂವಿಧಾನ ಕೊಟ್ಟ ಪಟ್ಟಿ) 34ನೇ ನಮೂದು ರಾಜ್ಯಗಳಿಗೆ ಕೊಟ್ಟಿರುವುದು ಜೂಜನ್ನು ಮಾತ್ರ, ಕೌಶಲದ ಆಟ ಜೂಜಲ್ಲ, ಅದನ್ನು ನಡೆಸುವುದು ಸಂವಿಧಾನದ 19(1)(ಜಿ) ವಿಧಿಯಡಿ ವ್ಯಾಪಾರದ ಹಕ್ಕು ಎಂಬುದು ತೀರ್ಪಿನ ತಿರುಳು. ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿತು. 2023ರಲ್ಲಿ ಸರ್ಕಾರ ಬದಲಾಯಿತು, ಮೇಲ್ಮನವಿ ಹಾಗೇ ಉಳಿಯಿತು. ಬಿಜೆಪಿ ಹೂಡಿದ್ದನ್ನು ಕಾಂಗ್ರೆಸ್ ವಾಪಸ್ ಪಡೆಯಲಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ನನ್ನ ಒಬ್ಬ ವಿದ್ಯಾರ್ಥಿಯ ಕತೆ ಹೇಳಬೇಕು. ಬ್ಯಾಡಗಿ ಕಡೆಯ ಹುಡುಗ, ಪಿಎಸ್ಐ ಪರೀಕ್ಷೆಗೆ ಓದುತ್ತಿದ್ದ. ತಂದೆ ಮೆಣಸಿನಕಾಯಿ ಮಾರಿದ ಹಣದಲ್ಲಿ ಒಂದು ವರ್ಷದ ಖೋಲಿ ಬಾಡಿಗೆ, ಮೆಸ್ಸಿನ ಖರ್ಚು, ನಮ್ಮ ಶುಲ್ಕ ಎಲ್ಲವನ್ನೂ ಒಮ್ಮೆಲೇ ಅವನ ಖಾತೆಗೆ ಹಾಕಿದ್ದರು. ಮೂರು ತಿಂಗಳಲ್ಲಿ ಅರವತ್ತೆರಡು ಸಾವಿರ ರೂಪಾಯಿ ರಮ್ಮಿ ಆ್ಯಪಿಗೆ ಹೋಯಿತು. ಖೋಲಿಯ ಮಾಲೀಕರು ನನಗೆ ಫೋನ್ ಮಾಡಿದಾಗಲೇ ನನಗೆ ತಿಳಿದದ್ದು. ಕರೆಸಿ ಬೈದೆ. ಅವನು ತಲೆ ತಗ್ಗಿಸಿಕೊಂಡೇ ಹೇಳಿದ: "ಸರ್, ರಮ್ಮಿ ಕೌಶಲದ ಆಟ ಎಂದು 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಎಂದು ನೀವೇ ನೋಟ್ಸ್ ಕೊಟ್ಟಿದ್ದೀರಿ."

ಕೊಟ್ಟಿದ್ದು ನಿಜ. ಆಂಧ್ರಪ್ರದೇಶ ಸರ್ಕಾರ ಮತ್ತು ಸತ್ಯನಾರಾಯಣ ಪ್ರಕರಣ. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಬೇಕು, ಆದ್ದರಿಂದ ಹದಿಮೂರು ಎಲೆಯ ರಮ್ಮಿಯಲ್ಲಿ ಕೌಶಲದ ಪಾಲೇ ಹೆಚ್ಚು ಎಂದಿತು ಕೋರ್ಟ್. ಆದರೆ ಅದು ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣ. ಎದುರಿಗೆ ಕುಳಿತವರ ಮುಖ ಕಾಣುತ್ತಿತ್ತು, ರಾತ್ರಿ ಕ್ಲಬ್ಬಿಗೆ ಬಾಗಿಲು ಹಾಕುತ್ತಿದ್ದರು. ದಿಂಬಿನ ಕೆಳಗಿನ ಕ್ಲಬ್ಬಿಗೆ ಬಾಗಿಲೇ ಇಲ್ಲ. ಅಂದಿನಿಂದ ಆ ಪ್ರಕರಣದ ನೋಟ್ಸಿಗೆ ಇನ್ನೊಂದು ಪ್ಯಾರಾ ಸೇರಿಸಿದ್ದೇನೆ. ಆಟದಿಂದ ಕ್ಲಬ್ ಲಾಭ ಮಾಡಿಕೊಂಡರೆ ಅದು ಅಪರಾಧವಾಗಬಹುದು ಎಂದು ಅದೇ ತೀರ್ಪು ಹೇಳುತ್ತದೆ. ಮೊದಲು ಅದನ್ನು ಬಿಟ್ಟು ಬರೆಸುತ್ತಿದ್ದೆ, ಪರೀಕ್ಷೆಯಲ್ಲಿ ಕೇಳುವುದಿಲ್ಲವೆಂದು.

ಪಕ್ಷಗಳ ಮಾತಿಗೆ ಮರಳೋಣ. ತಮಿಳುನಾಡಿನಲ್ಲಿ ಹಾವು ಮುಂಗುಸಿಯಂತಿರುವ ಎರಡು ಪಕ್ಷಗಳು ಈ ಒಂದು ವಿಷಯದಲ್ಲಿ ಒಂದೇ ದಾರಿ ಹಿಡಿದವು. 2020ರ ನವೆಂಬರ್‌ನಲ್ಲಿ ಎಐಎಡಿಎಂಕೆ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಿ ಸುಗ್ರೀವಾಜ್ಞೆ ಹೊರಡಿಸಿತು. ಅದರ ಬೆನ್ನಿಗೆ ಬಂದ ಕಾಯ್ದೆಯನ್ನು 2021ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟ್ ಹೊಡೆದುಹಾಕಿತು. 2022ರಲ್ಲಿ ಡಿಎಂಕೆ ಹೊಸ ಮಸೂದೆ ತಂದಿತು. ರಾಜ್ಯಪಾಲ ಆರ್.ಎನ್. ರವಿ ಅದನ್ನು ವಾಪಸ್ ಕಳುಹಿಸಿದರು, ವಿಧಾನಸಭೆ 2023ರ ಮಾರ್ಚ್‌ನಲ್ಲಿ ಮತ್ತೊಮ್ಮೆ ಅಂಗೀಕರಿಸಿತು. ಸಾಲ ಮಾಡಿ ಆಡಿ ಆತ್ಮಹತ್ಯೆ ಮಾಡಿಕೊಂಡವರ ಸುದ್ದಿ ಅಲ್ಲಿ ಮನೆಮನೆಯ ಮಾತಾಗಿತ್ತು. ಅಂಥ ಹೊತ್ತಿನಲ್ಲಿ ಜೂಜಿನ ಪರ ಮಾತನಾಡಿ ಮತ ಕೇಳಲು ಯಾರಿಗೆ ಧೈರ್ಯವಿದೆ?

ಸಿಕ್ಕಿಂ 2008ರಲ್ಲೇ ಆನ್‌ಲೈನ್ ಆಟಗಳಿಗೆ ಪರವಾನಗಿ ಕೊಡುವ ಕಾಯ್ದೆ ಮಾಡಿತ್ತು. ಮೇಘಾಲಯವೂ ಮಾಡಿ, ಚರ್ಚುಗಳ ಮತ್ತು ಸಂಘಟನೆಗಳ ವಿರೋಧಕ್ಕೆ ಮಣಿದು ಕೈಬಿಟ್ಟಿತು. ಕೇರಳದ ಎಡರಂಗ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಲು ಹೊರಟಿತು, ಅದೇ ಸರ್ಕಾರ ಲಾಟರಿ ಮಾರುತ್ತಲೇ ಇತ್ತು. ನಮ್ಮಲ್ಲಿ ಲಾಟರಿ ನಿಂತದ್ದು 2007ರಲ್ಲಿ, ಎಚ್.ಡಿ. ಕುಮಾರಸ್ವಾಮಿ ಅವರ ಜೆಡಿಎಸ್–ಬಿಜೆಪಿ ಸಮ್ಮಿಶ್ರ ಸರ್ಕಾರದ ಕಾಲಕ್ಕೆ. ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದ ಸುತ್ತ ಲಾಟರಿ ಅಂಗಡಿಗಳ ಮುಂದೆ ನಿಂತಿರುತ್ತಿದ್ದ ಹಮಾಲರು ನನಗೆ ಚೆನ್ನಾಗಿ ನೆನಪಿದ್ದಾರೆ. ಲಾಟರಿ ಹೋಯಿತು, ಮಟ್ಕಾದ ಓಸಿ ಚೀಟಿ ಬರೆಯುವವನು ಮಾತ್ರ ಎಲ್ಲಿಗೂ ಹೋಗಲಿಲ್ಲ.

ದೆಹಲಿಯ ಕತೆ ಇನ್ನೂ ಸ್ವಾರಸ್ಯದ್ದು. 2018ರಲ್ಲಿ ಕಾನೂನು ಆಯೋಗ ತನ್ನ 276ನೇ ವರದಿಯಲ್ಲಿ, ಪೂರ್ತಿ ತಡೆಯಲು ಆಗದಿದ್ದರೆ ಬಿಗಿಯಾಗಿ ನಿಯಂತ್ರಿಸುವುದೊಂದೇ ದಾರಿ ಎಂದಿತು. ಅದೇ ವರ್ಷ ಕಾಂಗ್ರೆಸ್ಸಿನ ಶಶಿ ತರೂರ್ ಆನ್‌ಲೈನ್ ಆಟಗಳ ನಿಯಂತ್ರಣಕ್ಕೆ ಖಾಸಗಿ ಮಸೂದೆ ಮಂಡಿಸಿದರು. 2023ರ ಏಪ್ರಿಲ್‌ನಲ್ಲಿ ಬಿಜೆಪಿಯ ರಾಜೀವ್ ಚಂದ್ರಶೇಖರ್ ಐಟಿ ರಾಜ್ಯ ಸಚಿವರಾಗಿದ್ದಾಗ ಹೊರಟ ನಿಯಮಗಳು ಉದ್ಯಮದ ಸ್ವಯಂ ನಿಯಂತ್ರಣ ಸಂಸ್ಥೆಗಳಿಗೆ ಜಾಗ ಕೊಟ್ಟವು. ಅದೇ ವರ್ಷ ಜಿಎಸ್‌ಟಿ ಮಂಡಳಿ ಪಣದ ಪೂರ್ತಿ ಮೊತ್ತದ ಮೇಲೆ ಶೇ 28 ತೆರಿಗೆ ಹಾಕಲು ಹೊರಟಾಗ ತಕರಾರು ಎತ್ತಿದವರು ಯಾರು? ಆಮ್ ಆದ್ಮಿಯ ದೆಹಲಿ, ಬಿಜೆಪಿಯ ಗೋವಾ, ಪ್ರಾದೇಶಿಕ ಪಕ್ಷದ ಸಿಕ್ಕಿಂ. ಗೋವಾ, ಸಿಕ್ಕಿಂಗಳಲ್ಲಿ ಕ್ಯಾಸಿನೊಗಳಿವೆ. ಈ ಮೂವರನ್ನು ಯಾವ ಕಾಲಂನಲ್ಲಿ ಒಟ್ಟಿಗೆ ಕೂರಿಸುತ್ತೀರಿ?

2025ರ ಮಾರ್ಚ್‌ನಲ್ಲಿ ಲೋಕಸಭೆಯಲ್ಲಿ ಡಿಎಂಕೆಯ ದಯಾನಿಧಿ ಮಾರನ್ ಕೇಂದ್ರವೇಕೆ ಸುಮ್ಮನಿದೆ ಎಂದು ಕೇಳಿದಾಗ, ಸಚಿವ ಅಶ್ವಿನಿ ವೈಷ್ಣವ್ ಇದು ರಾಜ್ಯಪಟ್ಟಿಯ ವಿಷಯ ಎಂದು ಒಕ್ಕೂಟ ವ್ಯವಸ್ಥೆಯ ಪಾಠ ಹೇಳಿದರು. ಐದು ತಿಂಗಳಿಗೆ, ಆಗಸ್ಟ್ 20ರಂದು, ಅವರೇ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆ ಮಂಡಿಸಿದರು. ಅದೇ ದಿನ ಲೋಕಸಭೆ, ಮರುದಿನ ರಾಜ್ಯಸಭೆ, ಅದರ ಮರುದಿನ ರಾಷ್ಟ್ರಪತಿಗಳ ಅಂಕಿತ. ಬಿಹಾರದ ಮತದಾರರ ಪಟ್ಟಿ ಪರಿಷ್ಕರಣೆಯ ವಿರುದ್ಧ ವಿರೋಧ ಪಕ್ಷಗಳು ಕೂಗುತ್ತಿದ್ದವು, ಆ ಗದ್ದಲದಲ್ಲೇ ಧ್ವನಿಮತ. ಕೌಶಲವೋ ಅದೃಷ್ಟವೋ ಎಂಬ ಐವತ್ತು ವರ್ಷಗಳ ಕೋರ್ಟು ಜಗಳವನ್ನು ಈ ಕಾಯ್ದೆ ಒಂದೇ ಸಾಲಿನಲ್ಲಿ ಬದಿಗೆ ಸರಿಸಿತು: ಹಣ ಕಟ್ಟಿ, ಹಣ ಗೆಲ್ಲುವ ಆಸೆಯಿಂದ ಆನ್‌ಲೈನಿನಲ್ಲಿ ಆಡುವ ಆಟ ಯಾವುದಾದರೂ ನಿಷಿದ್ಧ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಕೊಟ್ಟರೆ ಎರಡು ವರ್ಷ, ಐವತ್ತು ಲಕ್ಷ. ಆಡುವವನಿಗೆ ಶಿಕ್ಷೆ ಇಲ್ಲ, ಅವನು ಸಂತ್ರಸ್ತ. (ಇದನ್ನು ಪರೀಕ್ಷೆಗೆ ನೆನಪಿಡಿ.)

ನನ್ನ ಸೂತ್ರ ಮುರಿಯುವುದು ಇಲ್ಲೇ. ವೈಷ್ಣವ್ ಗೃಹ ಸಚಿವರಲ್ಲ, ಐಟಿ ಸಚಿವರು. ಐಟಿ ಖಾತೆಯವರು ನಿಯಂತ್ರಣದ ಕಡೆ ಇರಬೇಕಿತ್ತು. ಅತ್ತ ನಮ್ಮ ರಾಜ್ಯದಲ್ಲಿ ಸೂತ್ರ ಅಚ್ಚುಕಟ್ಟಾಗಿ ಕುಳಿತುಕೊಳ್ಳುತ್ತದೆ. ಕಾಂಗ್ರೆಸ್ಸಿನ ಐಟಿ ಸಚಿವ ಪ್ರಿಯಾಂಕ್ ಖರ್ಗೆ ಕೇಂದ್ರದ ನಿಷೇಧವನ್ನು ಕಟುವಾಗಿ ಟೀಕಿಸಿದರು: ತೆರಿಗೆ ಹೋಗುತ್ತದೆ, ಕೆಲಸ ಹೋಗುತ್ತದೆ, ಆಡುವವರು ವಿದೇಶಿ ತಾಣಗಳ ಪಾಲಾಗುತ್ತಾರೆ. ಅದಕ್ಕೂ ಮೊದಲೇ ಅದೇ ಸರ್ಕಾರ ಆನ್‌ಲೈನ್ ಬೆಟ್ಟಿಂಗ್‌ಗೆ ಮೂರು ವರ್ಷ ಜೈಲು ವಿಧಿಸುವ, ಕೌಶಲದ ಆಟಗಳನ್ನು ಬೇರ್ಪಡಿಸಲು ಪ್ರಾಧಿಕಾರ ರಚಿಸುವ ಕರಡು ಮಸೂದೆ ಸಿದ್ಧಪಡಿಸಿತ್ತು. ತರೂರ್ ಮತ್ತು ಕಾರ್ತಿ ಚಿದಂಬರಂ ಕೂಡ ನಿಷೇಧದಿಂದ ಆಟ ಕತ್ತಲಿಗೆ ಸರಿಯುತ್ತದೆ ಎಂದರು.

ಇನ್ನೊಂದು ತಮಾಷೆ ಗಮನಿಸಿ. ಜನ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂದು ನಿಷೇಧಕ್ಕೆ ಕಾರಣ ಕೊಟ್ಟಿತು ಕೇಂದ್ರ. ಈ ಉದ್ಯಮದಿಂದ ವರ್ಷಕ್ಕೆ ಸುಮಾರು 20,000 ಕೋಟಿ ತೆರಿಗೆ ಬರುತ್ತದೆ ಎಂದು ನಿಷೇಧದ ವಿರುದ್ಧ ಕಾರಣ ಕೊಟ್ಟರು ಖರ್ಗೆ. ಎರಡೂ ಕಡೆ ಅದೇ ಅಂಕಿ. ಬ್ಯಾಡಗಿಯ ಹುಡುಗನ ಅರವತ್ತೆರಡು ಸಾವಿರ ಇವೆರಡರಲ್ಲಿ ಯಾವ ಲೆಕ್ಕಕ್ಕೆ ಹೋಯಿತೋ, ಬಹುಶಃ ಎರಡಕ್ಕೂ.

ನನ್ನ ನಿಲುವು ಏನು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆ ಹುಡುಗನನ್ನು ನೋಡಿದ ಮೇಲೆ ನಾನು ನಿಷೇಧದ ಕಡೆ ವಾಲಿದವನು. ಎರಡೇ ದಿನದಲ್ಲಿ, ಚರ್ಚೆಯಿಲ್ಲದೆ ಅಂಗೀಕರಿಸಿದ್ದು ಮಾತ್ರ ನನಗೆ ಸರಿ ಕಾಣಲಿಲ್ಲ. ಸಂಸದೀಯ ಸಮಿತಿಗೆ ಕಳುಹಿಸಿದ್ದರೆ, ಹಣ ವರ್ಗಾವಣೆಯನ್ನು ಬ್ಯಾಂಕುಗಳು ಹೇಗೆ ತಡೆಯಬೇಕು, ಈಗಾಗಲೇ ಚಟಕ್ಕೆ ಬಿದ್ದವರನ್ನು ಏನು ಮಾಡಬೇಕು ಎಂಬುದಾದರೂ ಸದನದಲ್ಲಿ ಬರುತ್ತಿತ್ತು. ಕಂಪನಿಯೊಂದು ಮೊದಲು ಈ ಕಾಯ್ದೆಯನ್ನು ಪ್ರಶ್ನಿಸಿದ್ದು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ, ಆಮೇಲೆ ಸುಪ್ರೀಂ ಕೋರ್ಟ್ ಅಂಥ ಅರ್ಜಿಗಳನ್ನೆಲ್ಲ ತನ್ನ ಬಳಿಗೆ ವರ್ಗಾಯಿಸಿಕೊಂಡಿತು. ಉತ್ತರ ಬರೆಯುವಾಗ 34ನೇ ನಮೂದು ರಾಜ್ಯಪಟ್ಟಿಯಲ್ಲಿದ್ದೂ ಸಂಸತ್ತು ಹೇಗೆ ಕಾಯ್ದೆ ಮಾಡಿತು ಎಂಬ ಪ್ರಶ್ನೆಯನ್ನು ಬಿಡಬೇಡಿ, ಅಂಕ ಇರುವುದು ಅಲ್ಲಿ.

ಆ ಹುಡುಗ ಈಗಲೂ ನಮ್ಮಲ್ಲೇ ಓದುತ್ತಿದ್ದಾನೆ, ಸಂಜೆ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿ ಬಾಡಿಗೆ ಕಟ್ಟುತ್ತಾನೆ. ಕಾಯ್ದೆ ಬಂದ ವಾರವೇ ಅವನ ಮೊಬೈಲಿನ ಆ್ಯಪಿನಲ್ಲಿ ಹಣದ ಆಟ ನಿಂತುಹೋಯಿತಂತೆ. ಮೊನ್ನೆ ಟೆಲಿಗ್ರಾಮಿನಲ್ಲಿ ಬಂದ ಒಂದು ಸಂದೇಶ ತೋರಿಸಿದ. ಯಾವುದೋ ವಿದೇಶಿ ತಾಣದ ಕೊಂಡಿ, ಹಣ ಹಾಕಲು ಯಾರದೋ ಖಾಸಗಿ ಯುಪಿಐ ಸಂಖ್ಯೆ. ಅಳಿಸಿದೆಯಾ ಎಂದು ಕೇಳಿದೆ. ನಿಮಗೆ ತೋರಿಸಿ ಅಳಿಸೋಣ ಎಂದು ಇಟ್ಟುಕೊಂಡಿದ್ದೆ ಎಂದ. ನನ್ನೆದುರೇ ಅಳಿಸಿದ.