ಮೆತ್ತಗಿನ ನೀರು ಗಟ್ಟಿ ಕಲ್ಲು, ಕಾಂಕ್ರೀಟನ್ನು ಹೇಗೆ ಸವೆಸುತ್ತದೆ?

ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ. ಹೆಚ್ಚಿನ ಸಲ ಇದು ಬರೀ ನೀರಿನ ಕೆಲಸ ಅಲ್ಲ. ನೀರು ಹೊತ್ತು ತರುವ ಮರಳು, ಕರಗಿಸಿಕೊಂಡು ಹೋಗುವ ಸುಣ್ಣ, ಇವೇ ಮುಖ್ಯ.

ಮೇಕೆದಾಟಿನಲ್ಲಿ ಕಾವೇರಿ ಇಳಿದಾಗ ಬಂಡೆಗಳ ಮೇಲೆ ದುಂಡಗಿನ ಗುಂಡಿಗಳು ಕಾಣುತ್ತವೆ, ಒಳಮೈಯೆಲ್ಲ ನುಣ್ಣಗೆ. ನೆರೆಯ ಸುಳಿಗೆ ಸಿಕ್ಕ ಮರಳು, ಬೆಣಚುಕಲ್ಲು ಒಂದೇ ಕಡೆ ಗರಗರ ತಿರುಗಿ ಕೊರೆದದ್ದು ಅವು. (ನೋಡಲು ಹೋದರೆ ಅಂಚಿಗೆ ಹೋಗಬೇಡಿ. ಬಂಡೆ ತುಂಬಾ ಜಾರುತ್ತದೆ.)

ಅಣೆಕಟ್ಟುಗಳಲ್ಲಿ ಮರಳಿಲ್ಲದೆಯೂ ಹಾನಿಯಾಗುತ್ತದೆ. ನೀರು ವಿಪರೀತ ವೇಗದಲ್ಲಿ ಹರಿದಾಗ ಕಾಂಕ್ರೀಟಿನ ಸಣ್ಣ ಉಬ್ಬಿನ ಹಿಂದೆ ಒತ್ತಡ ಇಳಿದು ಆವಿಯ ಗುಳ್ಳೆ ಏಳುತ್ತವೆ. ತುಸು ಮುಂದೆ ಹೋಗಿ ಅವು ಒಡೆಯುವ ಪೆಟ್ಟಿಗೆ ಕಾಂಕ್ರೀಟ್ ಚಕ್ಕೆ ಏಳುತ್ತದೆ. 1983ರಲ್ಲಿ ಅಮೆರಿಕದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನಲ್ಲಿ ಹೆಚ್ಚುವರಿ ನೀರು ಬಿಡುವ ಸುರಂಗದ ಕಾಂಕ್ರೀಟ್ ಹೀಗೇ ಕಿತ್ತುಹೋಗಿ, ಹಿಂದಿನ ಮರಳುಗಲ್ಲಿನಲ್ಲಿ ಸುಮಾರು 10 ಮೀಟರ್ ಆಳದ ಹೊಂಡ ಬಿತ್ತು. ಆಮೇಲೆ ಸುರಂಗದ ನೀರಿಗೆ ಗಾಳಿ ಬೆರೆಯುವ ಹಾಗೆ ಮಾಡಿದರು. ಗಾಳಿ ಇದ್ದರೆ ಆ ಪೆಟ್ಟು ತಗ್ಗುತ್ತದೆ.

ನಾನು ಕಟ್ಟಡ ರಿಪೇರಿ ಕೆಲಸದಲ್ಲಿರುವವನು. ಜಾಸ್ತಿ ನೋಡುವುದು ಮನೆಗಳ ತಾರಸಿಯನ್ನು. ಅಲ್ಲಿ ನೀರು ಹರಿಯುವುದೇ ಇಲ್ಲ, ಸುಮ್ನೆ ನಿಂತಿರುತ್ತದೆ, ಅಷ್ಟೇ ಸಾಕು. ಬಿರುಕಿನಲ್ಲಿ ಇಳಿದ ಮಳೆನೀರು ಸಿಮೆಂಟಿನೊಳಗಿನ ಸುಣ್ಣವನ್ನು ಕರಗಿಸುತ್ತದೆ. ಒಂದು ಲೀಟರ್ ನೀರು 1.5 ಗ್ರಾಂಗಿಂತ ಜಾಸ್ತಿ ಸುಣ್ಣ ಹಿಡಿಯಬಲ್ಲದು. ಮೋಲ್ಡಿನ ತಳಕ್ಕೆ ಬಂದು ಗಾಳಿ ತಾಗಿದಾಗ ಅದೇ ಸುಣ್ಣ ಬಿಳಿ ಕಲೆಯಾಗಿ ಉಳಿಯುತ್ತದೆ. ಹಳೆ ಕಟ್ಟಡಗಳಲ್ಲಿ ಬೆರಳುದ್ದದ ಬಿಳಿ ಕಡ್ಡಿಗಳು ಜೋತಾಡುವುದನ್ನೂ ನೋಡಿದ್ದೇನೆ. ಮುಟ್ಟಿದರೆ ಪುಡಿಯಾಗುತ್ತವೆ.

ಈ ಸುಣ್ಣವೇ ಒಳಗಿನ ಕಂಬಿಯನ್ನು ತುಕ್ಕಿನಿಂದ ಕಾಯುತ್ತಿರುತ್ತದೆ. ಅದು ಹೋದ ಕಡೆ ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಹಾಗಾಗಿ ಕಾಂಕ್ರೀಟ್ ಒಳಗಿನಿಂದಲೇ ಸೀಳುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ.

ಬಿಳಿ ಕಲೆ ಕಂಡರೆ ದಯವಿಟ್ಟು ಅದರ ಮೇಲೆ ಬಣ್ಣ ಹೊಡೆಸಿ ಮುಚ್ಚಬೇಡಿ. ಮೇಲೆ ಹತ್ತಿ ನೀರು ಎಲ್ಲಿ ನಿಲ್ಲುತ್ತಿದೆ, ಮಳೆನೀರಿನ ಪೈಪು ಕಟ್ಟಿಕೊಂಡಿದೆಯಾ ಎಂದು ನೋಡಿ. ಕಲೆ ಕಂದು ಬಣ್ಣಕ್ಕೆ ತಿರುಗಿದ್ದರೆ ಕಂಬಿಗೆ ತುಕ್ಕು ಶುರುವಾಗಿರಬಹುದು. ಆಗ ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ, ಮುಂದಿನ ಮಳೆಗಾಲದ ತನಕ ಕಾಯಬೇಡಿ.