ಓದುಗರ ಪ್ರಶ್ನೆ: ವಸಂತದ ರಜೆಗೆ ರೋಮ್

ಪ್ರಶ್ನೆ: 2027ರ ಮಾರ್ಚ್ ಕೊನೆಯಲ್ಲಿ ಕುಟುಂಬ ಸಮೇತ ರೋಮ್‌ಗೆ ಹೋಗುವ ಯೋಚನೆ ಇದೆ. ಈಸ್ಟರ್ ಕೂಡ ನೋಡಿದಂತಾಗುತ್ತದೆ. ಐದು ದಿನ ಸಾಕೇ?

ಐದು ದಿನ ಸಾಕು. ಆದರೆ ಆ ಐದು ದಿನ ಬೇಡ. 2027ರ ಈಸ್ಟರ್ ಮಾರ್ಚ್ 28ಕ್ಕೆ ಬರುತ್ತದೆ. ಆ ಭಾನುವಾರವೂ ಮರುದಿನ ಸೋಮವಾರವೂ ವ್ಯಾಟಿಕನ್ ಮ್ಯೂಸಿಯಂಗೆ ಬೀಗ. ತಿಂಗಳ ಕೊನೆಯ ಭಾನುವಾರ ಅಲ್ಲಿ ಪ್ರವೇಶ ಉಚಿತ ಎಂದು ಓದಿ ಹೋಗುವವರಿದ್ದಾರೆ. ಅದು ಈಸ್ಟರ್ ದಿನವೇ ಬಿದ್ದರೆ ಆ ಸೌಲಭ್ಯವೂ ಇಲ್ಲ. ಗುಡ್ ಫ್ರೈಡೆ ಇಟಲಿಯಲ್ಲಿ ಸರ್ಕಾರಿ ರಜೆಯಲ್ಲ, ನಿಜ. ಆದರೆ ಆ ರಾತ್ರಿ ಕೊಲೋಸಿಯಂ ಬಳಿ ಶಿಲುಬೆಯ ಹಾದಿಯ ಪ್ರಾರ್ಥನೆ ನಡೆಯುವುದರಿಂದ ಸ್ಮಾರಕವನ್ನು ಬೇಗ ಮುಚ್ಚುತ್ತಾರೆ, ಸುತ್ತಲಿನ ರಸ್ತೆಗಳನ್ನೂ ತಡೆಯುತ್ತಾರೆ. ಇದೆಲ್ಲದರ ಮೇಲೆ, ಅದೇ ಭಾನುವಾರ ನಸುಕಿನ 2 ಗಂಟೆಗೆ ಯುರೋಪಿನ ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಹೋಗುತ್ತವೆ. ಅಂದು ಬೆಳಗ್ಗೆ ವಿಮಾನವೋ ರೈಲೋ ಹಿಡಿಯಬೇಕಾದವರು ಕೈಗಡಿಯಾರ ನಂಬಿ ಕೂರಬಾರದು.

ಹಬ್ಬವನ್ನೇ ನೋಡಲು ಹೋಗುವುದಾದರೆ ಮಾತು ಬೇರೆ. ಸೇಂಟ್ ಪೀಟರ್ಸ್ ಚೌಕದಲ್ಲಿ ಬೆಳಗಿನ ಪೂಜೆಗೆ ಟಿಕೆಟ್ ಬೇಕು. ಅದು ಸಂಪೂರ್ಣ ಉಚಿತ, ಯಾರಾದರೂ ದುಡ್ಡು ಕೇಳಿದರೆ ಮೋಸವೆಂದೇ ತಿಳಿಯಿರಿ. ಮಧ್ಯಾಹ್ನ 12ಕ್ಕೆ ಪೋಪ್ ನೀಡುವ ಆಶೀರ್ವಾದಕ್ಕೆ ಟಿಕೆಟ್ ಬೇಕಿಲ್ಲ.

ನಮ್ಮನ್ನು ಕೇಳಿದರೆ ಏಪ್ರಿಲ್ 5ರಿಂದ 23ರೊಳಗೆ ಹೋಗಿ. ಏಪ್ರಿಲ್ 4 ತಿಂಗಳ ಮೊದಲ ಭಾನುವಾರ, ಕೊಲೋಸಿಯಂ ಸೇರಿದಂತೆ ಸರ್ಕಾರಿ ಮ್ಯೂಸಿಯಂಗಳಿಗೆ ಪುಕ್ಕಟೆ ಪ್ರವೇಶ. ಅಂದರೆ ಟಿಕೆಟ್ ಹಣ ಉಳಿಸಲು ಅರ್ಧ ದಿನ ಸಾಲಿನಲ್ಲಿ ಕಳೆಯಬೇಕು. ಏಪ್ರಿಲ್ 25 ಇಟಲಿಯ ವಿಮೋಚನಾ ದಿನ. ಅಂದು ಸರ್ಕಾರಿ ಮ್ಯೂಸಿಯಂಗಳೂ ಉಚಿತ, ಆ ವರ್ಷ ಅದು ಕೊನೆಯ ಭಾನುವಾರವೂ ಆಗಿರುವುದರಿಂದ ವ್ಯಾಟಿಕನ್ ಮ್ಯೂಸಿಯಂ ಕೂಡ ಉಚಿತ. ಆ ನೂಕುನುಗ್ಗಲಿನ ಹತ್ತಿರವೂ ಸುಳಿಯಬೇಡಿ. ಏಪ್ರಿಲ್‌ನಲ್ಲಿ ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ಅಜೇಲಿಯಾ ಹೂವಿನ ಕುಂಡಗಳನ್ನು ಜೋಡಿಸುವ ಸಂಪ್ರದಾಯವಿದೆ. ನೋಡಿ, ಫೋಟೋ ತೆಗೆಯಿರಿ, ಕೂರಬೇಡಿ. 2019ರಿಂದ ಅಲ್ಲಿ ಕೂತವರಿಗೆ ದಂಡ.

ಪ್ರಶ್ನೆ: ವೀಸಾಕ್ಕೆ ಯಾವಾಗ ಅರ್ಜಿ ಹಾಕಬೇಕು? ಎಲ್ಲಿ ಎಡವಟ್ಟಾಗುತ್ತದೆ?

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ, ಅಂದರೆ ಇಟಲಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ವೀಸಾ ಬೇಕು. ಪ್ರಯಾಣಕ್ಕೆ 6 ತಿಂಗಳ ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಕೊನೆಯ ಗಡುವು 15 ದಿನ. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ತಕರಾರು ಬಂದರೆ 45 ದಿನದವರೆಗೂ ಎಳೆಯಬಹುದು. ಏಪ್ರಿಲ್ ಪ್ರಯಾಣಕ್ಕೆ ಜನವರಿಯಲ್ಲೇ ಅರ್ಜಿ ಕೊಟ್ಟರೆ ನೆಮ್ಮದಿ. ಶುಲ್ಕ ದೊಡ್ಡವರಿಗೆ 90 ಯುರೋ, 6ರಿಂದ 11 ವರ್ಷದ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗಿಲ್ಲ. ಬೆರಳಚ್ಚು 12 ತುಂಬಿದವರಿಗೆ ಮಾತ್ರ.

ಎಡವುವುದು ಸಣ್ಣ ಸಣ್ಣ ಕಡೆ. ವಿಮೆ ಕನಿಷ್ಠ 30,000 ಯುರೋದ್ದಾಗಿರಬೇಕು, ಇಳಿಯುವ ದಿನ ಮತ್ತು ಹೊರಡುವ ದಿನ ಎರಡೂ ಅದರಲ್ಲಿ ಸೇರಿರಬೇಕು. ಪಾಸ್‌ಪೋರ್ಟ್ ಕೊಟ್ಟು 10 ವರ್ಷ ದಾಟಿರಬಾರದು, ಷೆಂಗೆನ್ ಪ್ರದೇಶ ಬಿಟ್ಟ ಮೇಲೂ 3 ತಿಂಗಳು ಚಾಲ್ತಿಯಲ್ಲಿರಬೇಕು, 2 ಪುಟ ಖಾಲಿ ಇರಬೇಕು. ಹೋಟೆಲ್ ಬುಕಿಂಗ್‌ನಲ್ಲಿ ಒಬ್ಬರ ಹೆಸರು ಹಾಕಿ ಸುಮ್ಮನಾಗದೆ ಮನೆಯವರೆಲ್ಲರ ಹೆಸರು ಬರೆಸಿ. ರೋಮ್ ಜೊತೆಗೆ ಬೇರೆ ದೇಶಕ್ಕೂ ಹೋಗುವುದಾದರೆ, ಹೆಚ್ಚು ರಾತ್ರಿ ತಂಗುವ ದೇಶಕ್ಕೆ ಅರ್ಜಿ. ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ.

ಪ್ರಶ್ನೆ: ಕೊಲೋಸಿಯಂ ಟಿಕೆಟ್ ಅಲ್ಲೇ ಹೋಗಿ ತೆಗೆದುಕೊಳ್ಳಬಹುದೇ?

ವಸಂತದಲ್ಲಿ ಆ ಭರವಸೆ ಬೇಡ. ಅಧಿಕೃತ ಜಾಲತಾಣದಲ್ಲಿ ಸುಮಾರು 30 ದಿನ ಮೊದಲು ಟಿಕೆಟ್ ಬಿಡುಗಡೆಯಾಗುತ್ತದೆ, ಬೆಳಗಿನ ಹೊತ್ತಿನವು ಬೇಗ ಖಾಲಿಯಾಗುತ್ತವೆ. ಸಾದಾ ಟಿಕೆಟ್ 18 ಯುರೋ, 24 ಗಂಟೆ ಚಾಲ್ತಿ, ಅದರಲ್ಲೇ ಪಕ್ಕದ ರೋಮನ್ ಫೋರಂ (ಪ್ರಾಚೀನ ನಗರದ ಸಾರ್ವಜನಿಕ ಚೌಕದ ಅವಶೇಷಗಳು) ಮತ್ತು ಪ್ಯಾಲಟೈನ್ ಬೆಟ್ಟ ಸೇರಿದೆ. ಟಿಕೆಟ್ ಮೇಲೆ ಹೆಸರಿರುತ್ತದೆ, ಬಾಗಿಲಲ್ಲಿ ಪಾಸ್‌ಪೋರ್ಟ್‌ನೊಂದಿಗೆ ತಾಳೆ ನೋಡುತ್ತಾರೆ. ಹಾಗಾಗಿ ಹೆಸರನ್ನು ಪಾಸ್‌ಪೋರ್ಟ್‌ನಲ್ಲಿರುವ ಹಾಗೇ ತುಂಬಿ. 18ರೊಳಗಿನವರಿಗೆ ಉಚಿತ, ಆದರೂ ಅವರ ಹೆಸರಿನಲ್ಲೂ ಟಿಕೆಟ್ ಬೇಕು. ಇದನ್ನು ಮರೆತು ಮಕ್ಕಳನ್ನು ಹೊರಗೆ ನಿಲ್ಲಿಸಿಕೊಂಡು ಪೇಚಾಡುವ ಪೋಷಕರು ಕಡಿಮೆಯಿಲ್ಲ.

ಫೋರಂಗೆ ಹೋಗುವಾಗ ಸ್ಯಾನ್ ಗ್ರೆಗೋರಿಯೋ ರಸ್ತೆಯ ಬಾಗಿಲಿನಿಂದ ಪ್ಯಾಲಟೈನ್ ಹತ್ತಿ, ಅಲ್ಲಿಂದ ಫೋರಂಗೆ ಇಳಿಯಿರಿ. ಫೋರಂ ಸುತ್ತಿ ದಣಿದ ಮೇಲೆ ಬೆಟ್ಟ ಹತ್ತುವ ಪಾಡು ತಪ್ಪುತ್ತದೆ. ಅಲ್ಲಿರುವ ಟೈಟಸ್ ಚಕ್ರವರ್ತಿಯ ಕಮಾನಿನ ಒಳಗೋಡೆಯತ್ತ ತಲೆಯೆತ್ತಿ ನೋಡಲು ಮರೆಯಬೇಡಿ: ಜೆರುಸಲೇಂ ದೇವಾಲಯದಿಂದ ಸೈನಿಕರು ಹೊತ್ತು ತಂದ ಏಳು ಕವಲಿನ ದೀಪಸ್ತಂಭ ಕಲ್ಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಬೋರ್ಗೀಸ್ ಗ್ಯಾಲರಿಗೂ ಮುಂಗಡ ಬುಕಿಂಗ್ ಕಡ್ಡಾಯ. ಒಳಗೆ 2 ಗಂಟೆ ಮಾತ್ರ, ಸೋಮವಾರ ರಜೆ. ಶಿಲ್ಪಿ ಬರ್ನಿನಿಯ ಅಪೊಲೋ ಮತ್ತು ಡಾಫ್ನಿ ಶಿಲ್ಪದ ಸುತ್ತ ಒಂದು ಸುತ್ತು ಬನ್ನಿ: ಬೆನ್ನಟ್ಟಿದ ದೇವರಿಂದ ತಪ್ಪಿಸಿಕೊಳ್ಳಲು ಡಾಫ್ನಿ ಮರವಾಗುತ್ತಿರುವ ಗಳಿಗೆ ಅದು. ಹಿಂದಿನಿಂದ ಅಪೊಲೋನ ಬೆನ್ನು, ಮುಂದೆ ಬಂದಂತೆ ಡಾಫ್ನಿಯ ಬೆರಳ ತುದಿಯಲ್ಲಿ ಒಡೆಯುತ್ತಿರುವ ಎಲೆಗಳು. ಅಮೃತಶಿಲೆಯನ್ನು ಬೆಳಕು ಹಾಯುವಷ್ಟು ತೆಳುವಾಗಿ ಕೊರೆದಿದ್ದಾನೆ. ಪ್ರಾಚೀನ ರೋಮನ್ ದೇವಾಲಯವಾದ ಪ್ಯಾಂಥಿಯನ್‌ಗೆ 2023ರ ಜುಲೈನಲ್ಲಿ 5 ಯುರೋ ಟಿಕೆಟ್ ಜಾರಿಗೆ ಬಂತು. ಮಳೆ ಬಂದರೆ ಬೇಸರಿಸದೆ ಅಲ್ಲಿಗೇ ಹೋಗಿ. ಗುಮ್ಮಟದ ನಡುವಿನ ಸುಮಾರು 9 ಮೀಟರ್ ಅಗಲದ ಕಿಂಡಿಗೆ ಮುಚ್ಚಳವಿಲ್ಲ. ನೀರು ನೇರ ನೆಲಕ್ಕೆ ಬಿದ್ದು ಕಲ್ಲಿನ ಸಣ್ಣ ತೂತುಗಳಿಂದ ಇಳಿದುಹೋಗುತ್ತದೆ.

ಪ್ರಶ್ನೆ: ವಿಮಾನ ನಿಲ್ದಾಣದಿಂದ ಊರೊಳಗೆ ಹೋಗುವುದು ಹೇಗೆ?

ಫ್ಯುಮಿಚಿನೋ ನಿಲ್ದಾಣದಿಂದ ಎರಡು ರೈಲುಗಳಿವೆ, ಜನ ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಲಿಯೊನಾರ್ಡೊ ಎಕ್ಸ್‌ಪ್ರೆಸ್ ಎಲ್ಲೂ ನಿಲ್ಲದೆ 32 ನಿಮಿಷದಲ್ಲಿ ನಗರದ ಮುಖ್ಯ ರೈಲು ನಿಲ್ದಾಣವಾದ ಟರ್ಮಿನಿಗೆ ಹೋಗುತ್ತದೆ, 14 ಯುರೋ. ಎಫ್‌ಎಲ್1 ಲೋಕಲ್ ರೈಲಿಗೆ 8 ಯುರೋ. ಅದು ಟ್ರಾಸ್ಟೆವೆರೆ, ಓಸ್ಟಿಯೆನ್ಸೆ, ಟಿಬುರ್ಟಿನಾ ಕಡೆಗೆ ಹೋಗುತ್ತದೆ, ಟರ್ಮಿನಿಗೆ ಹೋಗುವುದೇ ಇಲ್ಲ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್‌ನ ಯಂತ್ರದಲ್ಲಿ ಮುದ್ರೆ ಒತ್ತಿಸಿ, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ನಾಲ್ಕು ಜನ, ನಾಲ್ಕು ಪೆಟ್ಟಿಗೆ ಇದ್ದರೆ ಬಿಳಿ ಬಣ್ಣದ ಅಧಿಕೃತ ಟ್ಯಾಕ್ಸಿಯೇ ವಾಸಿ. ಆರೇಲಿಯನ್ ಗೋಡೆಯ ಒಳಗಿನ ಹಳೇ ನಗರಕ್ಕೆ ದರ ನಿಗದಿಯಾಗಿದೆ. ಒಳಗೆ ಬಂದು "ಟ್ಯಾಕ್ಸಿ, ಟ್ಯಾಕ್ಸಿ" ಎಂದು ಕರೆಯುವವರ ಹಿಂದೆ ಹೋಗಬೇಡಿ.

ನಗರದೊಳಗೆ 1.50 ಯುರೋ ಟಿಕೆಟ್‌ಗೆ 100 ನಿಮಿಷ: ಬಸ್ಸು, ಟ್ರಾಮ್ ಎಷ್ಟಾದರೂ ಬದಲಿಸಿ, ಮೆಟ್ರೊ ಒಂದೇ ಸಲ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಊಟಕ್ಕೇನು ಮಾಡುವುದು?

ಹಸಿವಿನಿಂದ ಇರಬೇಕಿಲ್ಲ, ಹುಷಾರಾಗಿರಬೇಕು ಅಷ್ಟೆ. ಕಾರ್ಬೊನಾರಾ, ಅಮಾಟ್ರಿಚಾನಾ, ಗ್ರಿಚಾ ಎಂಬ ಪಾಸ್ಟಾಗಳು ಮೂರರಲ್ಲೂ ಹಂದಿಯ ಕೆನ್ನೆಯ ಮಾಂಸವಿದೆ, ಮೊದಲನೆಯದರಲ್ಲಿ ಮೊಟ್ಟೆಯೂ ಇದೆ. ಪುಂಟರೆಲ್ಲೆ ಸೊಪ್ಪಿನ ಸಲಾಡ್ ನೋಡಲು ಶುದ್ಧ ಸಸ್ಯಾಹಾರ, ಮಸಾಲೆಯಲ್ಲಿ ಆಂಚೊವಿ ಮೀನು. ಸುಪ್ಲಿ ಎಂಬ ಅನ್ನದ ಉಂಡೆಯಲ್ಲಿ ಹಲವೆಡೆ ಮಾಂಸದ ಸಾರು. ಕಾಚೊ ಎ ಪೆಪೆ ಎಂಬ ಪಾಸ್ಟಾದಲ್ಲಿ ಮೆಣಸು ಮತ್ತು ಪೆಕೊರಿನೊ ಚೀಸ್ ಮಾತ್ರ, ಆದರೆ ಆ ಚೀಸ್ ಹೆಪ್ಪುಗಟ್ಟಿಸಲು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪು ಬಳಸುತ್ತಾರೆ; ತಾಜಾ ಪಾಸ್ಟಾ ಆದರೆ ಮೊಟ್ಟೆ ಇದೆಯೇ ಎಂದೂ ಕೇಳಿ. ಚೀಸ್ ಇಲ್ಲದ ಪಿಜ್ಜಾ ಮರಿನಾರಾ, ಟೊಮೆಟೊ ಸವರಿದ ಪಿಜ್ಜಾ ರೊಸ್ಸಾ, ಯಹೂದಿ ಕೇರಿಯಲ್ಲಿ ಎಣ್ಣೆಯಲ್ಲಿ ಗರಿಗರಿಯಾಗಿ ಕರಿದ ಆರ್ಟಿಚೋಕ್ ಎಂಬ ಹೂಮೊಗ್ಗಿನ ತರಕಾರಿ ಯೋಚಿಸದೆ ತಿನ್ನಬಹುದಾದವು. ಏಪ್ರಿಲ್ ಆರ್ಟಿಚೋಕ್‌ನ ಕಾಲ ಬೇರೆ. "ಸೆನ್ಸಾ ಕಾರ್ನೆ, ಸೆನ್ಸಾ ಪೆಷೆ, ಸೆನ್ಸಾ ಉಓವಾ" ಎಂದರೆ ಮಾಂಸ, ಮೀನು, ಮೊಟ್ಟೆ ಬೇಡ ಎಂದು ಅರ್ಥವಾಗುತ್ತದೆ. ತುಂಡು ಪಿಜ್ಜಾ ತೂಕದ ಲೆಕ್ಕ: ಫಲಕದ ಬೆಲೆ ಕಿಲೋಗೋ 100 ಗ್ರಾಂಗೋ ನೋಡಿಕೊಳ್ಳಿ, ಎಷ್ಟು ಅಗಲ ಬೇಕೆಂದು ಕೈಯಲ್ಲಿ ತೋರಿಸಿ. ಕಾಫಿಯನ್ನು ನಿಂತು ಕುಡಿದರೆ ಅಗ್ಗ, ಮೇಜಿಗೆ ತರಿಸಿದರೆ ದುಬಾರಿ.

ಪ್ರಶ್ನೆ: ಅಮ್ಮನಿಗೆ ಮಂಡಿನೋವು. ಹೆಚ್ಚು ನಡೆಯಬೇಕಾಗುತ್ತದೆಯೇ?

ಆಗುತ್ತದೆ. ರಸ್ತೆಗೆ ಹಾಸಿರುವ ಕಪ್ಪು ಕಲ್ಲುಗಳು ಉಬ್ಬುತಗ್ಗು, ಮಳೆಯಲ್ಲಿ ಜಾರುತ್ತವೆ. ದಪ್ಪ ರಬ್ಬರ್ ಅಟ್ಟೆಯ ಶೂ ಇಲ್ಲದೆ ಹೊರಡಿಸಬೇಡಿ. ಕೊಲೋಸಿಯಂನಲ್ಲಿ ಲಿಫ್ಟ್ ಇದೆ. ಸೇಂಟ್ ಪೀಟರ್ಸ್ ಗುಮ್ಮಟಕ್ಕೆ ಒಟ್ಟು 551 ಮೆಟ್ಟಿಲು. ಲಿಫ್ಟ್ ಹತ್ತಿದರೂ 320 ಉಳಿಯುತ್ತದೆ, ಕೊನೆಯ ಭಾಗದಲ್ಲಿ ಗೋಡೆಯೇ ವಾಲಿಕೊಂಡು ದಾರಿ ಇಕ್ಕಟ್ಟಾಗುತ್ತದೆ. ಅಮ್ಮ ಲಿಫ್ಟ್ ಬಿಡುವ ತಾರಸಿಯಲ್ಲೇ ಉಳಿಯಲಿ. ಬುಧವಾರ ಬೆಳಗ್ಗೆ ಪೋಪ್ ದರ್ಶನವಿದ್ದರೆ ಚರ್ಚ್ ಪ್ರವಾಸಿಗರಿಗೆ ಮುಚ್ಚಿರುತ್ತದೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಎಲ್ಲರಿಗೂ ಕಡ್ಡಾಯ.

ನೀರಿನ ಬಾಟಲಿ ಕೊಳ್ಳುವ ಅಗತ್ಯವಿಲ್ಲ. ಬೀದಿ ಬೀದಿಯಲ್ಲಿ ಕಬ್ಬಿಣದ ಗಿಡ್ಡ ಕಂಬ, ಅದಕ್ಕೊಂದು ಬಾಗಿದ ನಳಿಗೆ, ಸದಾ ಹರಿಯುವ ಕುಡಿಯುವ ನೀರು. ನಳಿಗೆಯ ಬಾಯನ್ನು ಬೆರಳಿನಿಂದ ಒತ್ತಿಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು.

ಪ್ರಶ್ನೆ: ಅಲ್ಲಿ ಸಾರಿಗೆ ಮುಷ್ಕರ ಜಾಸ್ತಿಯಂತೆ?

ಹೌದು, ಹೆಚ್ಚಾಗಿ ಶುಕ್ರವಾರ. ಆದರೆ ಮೊದಲೇ ಘೋಷಿಸುತ್ತಾರೆ. ನಗರದ ಬಸ್ಸು, ಮೆಟ್ರೊ ಇಡೀ ದಿನದ ಮುಷ್ಕರದಲ್ಲೂ ಬೆಳಗ್ಗೆ 8.30ರವರೆಗೆ ಮತ್ತು ಸಂಜೆ 5ರಿಂದ 8ರವರೆಗೆ ಓಡಲೇಬೇಕೆಂಬ ನಿಯಮವಿದೆ. ಅಂಥ ದಿನ ಹೋಟೆಲಿನಿಂದ ನಡೆದು ಹೋಗುವಷ್ಟು ಹತ್ತಿರದ ಜಾಗಗಳನ್ನು ಇಟ್ಟುಕೊಳ್ಳಿ. ವಿಮಾನ ಇದ್ದರೆ ಹಿಂದಿನ ರಾತ್ರಿಯೇ ಟ್ಯಾಕ್ಸಿ ಹೇಳಿಡಿ.