ಗಾಲಿ ಬಿಚ್ಚಿದ ಮೇಲೆ: ಬಿಡಲೊಲ್ಲದ ಬಾಲ್ ಜಾಯಿಂಟ್

ಪ್ರಶ್ನೆ: ನನ್ನ ಹಳೆಯ ಕಾರಿನ ಮುಂದಿನ ಕೆಳ ಬಾಲ್ ಜಾಯಿಂಟ್‌ಗಳು (ಗಾಲಿಯ ಕಡೆಯ ಭಾಗವನ್ನು ಕಾರಿನ ಕೆಳ ಆರ್ಮ್‌ಗೆ, ಅಂದರೆ ಅಡ್ಡ ತೋಳಿಗೆ, ಸೇರಿಸುವ ಗುಂಡು ಕೀಲುಗಳು) ಸವೆದಿವೆ. ಗುಂಡಿಗೆ ಇಳಿದಾಗಲೆಲ್ಲ ಟಕ್ ಎಂಬ ಸದ್ದು ಬರುತ್ತದೆ; ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಸಡಿಲ ಗೊತ್ತಾಗುತ್ತದೆ. ಮನೆಯಲ್ಲೇ ಬದಲಿಸಲು ಹೊರಟೆ. ನಟ್ ಸುಲಭವಾಗಿ ಬಂತು, ಜಾಯಿಂಟ್ ಮಾತ್ರ ಗಾಲಿಯನ್ನು ಹೊತ್ತು ತಿರುಗುವ ಸ್ಟಿಯರಿಂಗ್ ನಕಲ್‌ನಿಂದ ಕದಲುತ್ತಿಲ್ಲ. ನಟ್ ಕೂರುವ ಸ್ಟಡ್‌ನ ತುದಿಗೆ ಹೊಡೆದೂ ಹೊಡೆದೂ ಥ್ರೆಡ್ ಹಾಳಾಗಿದೆ. ಇನ್ನೂ ದೊಡ್ಡ ಸುತ್ತಿಗೆ ತರಲೇ, ಗ್ಯಾಸ್ ಜ್ವಾಲೆ ಹಿಡಿಯಲೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಸುತ್ತಿಗೆ ಚಿಕ್ಕದಾಯಿತೆಂದು ಅದು ಹಟ ಹಿಡಿದಿಲ್ಲ. ನೀವು ಹೊಡೆಯುತ್ತಿರುವ ಜಾಗದಲ್ಲಿ ಎಷ್ಟು ಹೊಡೆದರೂ ಅಷ್ಟೇ.

ಬಾಲ್ ಜಾಯಿಂಟ್‌ನ ಸ್ಟಡ್ ನೇರ ಕಂಬಿಯಲ್ಲ. ಗುಂಡಿನ ಕಡೆ ದಪ್ಪ, ಥ್ರೆಡ್ ಕಡೆಗೆ ಹೋಗುತ್ತ ಸಣ್ಣ. ನಕಲ್‌ನ ಕಣ್ಣನ್ನೂ, ಅಂದರೆ ಸ್ಟಡ್ ಕೂರುವ ತೂತನ್ನೂ, ಅದೇ ಇಳಿಜಾರಿನಲ್ಲಿ ಕೊರೆದಿರುತ್ತಾರೆ. ನಟ್ ಬಿಗಿದಷ್ಟೂ ಸ್ಟಡ್ ಒಳಗೆ ಎಳೆದುಕೊಂಡು ಲೋಹವು ಲೋಹವನ್ನು ಕಚ್ಚುತ್ತದೆ. ಆಮೇಲೆ ನಟ್ ತೆಗೆದರೂ ಆ ಕಚ್ಚು ಬಿಡುವುದಿಲ್ಲ. ಬಿಡಬಾರದೆಂದೇ ಹಾಗೆ ಮಾಡಿರುವುದು. ತುದಿಗೆ ಹೊಡೆದಾಗ ಏಟಿನ ಬಹುಪಾಲನ್ನು ಆರ್ಮ್‌ನ ರಬ್ಬರ್ ಬುಷ್‌ಗಳು ನುಂಗುತ್ತವೆ, ಉಳಿದದ್ದು ಸ್ಟಡ್‌ನ ತಲೆಯನ್ನು ಚಪ್ಪಟೆ ಮಾಡುತ್ತದೆ. ತಲೆ ಹಿಗ್ಗಿದ ಸ್ಟಡ್ ಆ ಕಣ್ಣಿನೊಳಗಿಂದ ಬರುವುದು ಇನ್ನೂ ಕಷ್ಟ.

ಹೊಡೆಯಬೇಕಾದದ್ದು ನಕಲ್‌ನ ಕಣ್ಣಿನ ಪಕ್ಕೆಗೆ, ಸ್ಟಡ್‌ಗೆ ಅಡ್ಡಲಾಗಿ. ಆ ಏಟಿಗೆ ಕಣ್ಣು ಕ್ಷಣಮಾತ್ರ ಅಂಡಾಕಾರಕ್ಕೆ ತಿರುಗಿ ಮತ್ತೆ ದುಂಡಗಾಗುತ್ತದೆ. ಅಷ್ಟರಲ್ಲಿ ಕಚ್ಚು ತಪ್ಪುತ್ತದೆ. ಮೊದಲು ಚಪ್ಪಟೆಯಾದ ತುದಿಯನ್ನು ಅರದಿಂದ ಉಜ್ಜಿ, ನಟ್ ಮತ್ತೆ ನಾಲ್ಕೈದು ಸುತ್ತು ಏರುವಂತೆ ಮಾಡಿಕೊಳ್ಳಿ. ನಟ್ ಅಲ್ಲೇ ಇರಲಿ. ಜಾಯಿಂಟ್ ಬಿಟ್ಟಾಗ ಆರ್ಮ್ ಧಡಾರನೆ ಕೆಳಗೆ ಬಡಿಯದಂತೆ ತಡೆಯುವುದು ಅದೇ. ಈಗ ಸ್ಕ್ರೂ ಬಗೆಯ ಪುಲ್ಲರ್ (ಸ್ಟಡ್ಡನ್ನು ಒತ್ತಿ ಬಿಡಿಸುವ ಸಾಧನ) ತೊಡಿಸಿ, ಗಟ್ಟಿಯಾಗಿ ಸೆಟೆಯುವವರೆಗೆ ಬಿಗಿಯಿರಿ. ಪುಲ್ಲರ್ ಒಂದೇ ಎಲ್ಲ ಕೆಲಸ ಮಾಡಲಿ ಎಂದು ಉದ್ದದ ಪೈಪು ಸಿಕ್ಕಿಸಿ ತಿರುಗಿಸಬೇಡಿ, ಸ್ಕ್ರೂ ಮುರಿಯುತ್ತದೆ. ಆ ಸೆಟೆತ ಇರುವಾಗಲೇ ಒಂದೂವರೆ ಕೆ.ಜಿ. ಸುತ್ತಿಗೆಯಿಂದ ಕಣ್ಣಿನ ಪಕ್ಕೆಗೆ ನೇರವಾಗಿ ಹೊಡೆಯಿರಿ. ಎದುರು ಪಕ್ಕೆಗೆ ಇನ್ನೊಂದು ಭಾರದ ಸುತ್ತಿಗೆಯನ್ನು ಆನಿಸಿ ಹಿಡಿದರೆ ಏಟು ವ್ಯರ್ಥವಾಗುವುದಿಲ್ಲ. ಬಿಟ್ಟಾಗ ಅನುಮಾನಕ್ಕೆ ಎಡೆಯೇ ಇರುವುದಿಲ್ಲ: ಜೋರು ಸದ್ದು, ಪುಲ್ಲರ್ ಸಡಿಲ. ರಕ್ಷಣಾ ಕನ್ನಡಕ ಹಾಕಿಕೊಳ್ಳದೆ ಈ ಕೆಲಸಕ್ಕೆ ಕೂರಬಾರದು.

ಹೊಡೆಯುವ ಮೊದಲು ನಕಲ್‌ಗೆ ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅದು ಅಲ್ಯೂಮಿನಿಯಂ; ಅದಕ್ಕೆ ಸುತ್ತಿಗೆ ಬೇಡ, ಪುಲ್ಲರ್ ಮತ್ತು ತಾಳ್ಮೆಯಿಂದಲೇ ಬಿಡಿಸಬೇಕು. ಕವಲು ಬಾಯಿಯ ಫೋರ್ಕ್ ಬಡಿದು ಬಿಡಿಸುವ ರೂಢಿಯೂ ಇದೆ. ಅದು ಜಾಯಿಂಟ್ ಮುಚ್ಚುವ ರಬ್ಬರ್ ಬೂಟನ್ನು ಹರಿಯುತ್ತದೆ. ಎಸೆಯುವ ಜಾಯಿಂಟ್‌ಗೆ ಚಿಂತೆಯಿಲ್ಲ, ಉಳಿಸಿಕೊಳ್ಳಬೇಕಾದ ಟೈ ರಾಡ್‌ಗೆ (ಸ್ಟಿಯರಿಂಗ್‌ನಿಂದ ನಕಲ್‌ಗೆ ಬರುವ ಕಂಬಿ) ಅದನ್ನು ತೋರಿಸಬೇಡಿ.

ಇನ್ನು ಹಲವು ಕಾರುಗಳಲ್ಲಿ ಇಳಿಜಾರು ಸ್ಟಡ್ ಇರುವುದಿಲ್ಲ; ಸೀಳಿರುವ ಕಣ್ಣಿನಲ್ಲಿ ನೇರ ಸ್ಟಡ್ ಕುಳಿತು, ಅಡ್ಡ ಬೋಲ್ಟ್ ಅದರ ಕುತ್ತಿಗೆಯ ತೋಡಿನಲ್ಲಿ ಹಾಯುತ್ತದೆ. ಅಲ್ಲಿ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ಬರಬೇಕು. ಸೀಳಿಗೆ ಉಳಿ ಸಿಕ್ಕಿಸಿ ಕೂದಲೆಳೆಯಷ್ಟು ಅಗಲಿಸಿದರೆ ಸಾಕು. ಎರಕದ ಕಬ್ಬಿಣ ಬಾಗುವುದಿಲ್ಲ, ಸೀಳುತ್ತದೆ.

ಇಷ್ಟಾದ ಮೇಲೆ ಕೆಳಗಿನ ತುದಿ ಇದೆ, ನಿಜವಾದ ಹಟಮಾರಿ ಸಿಗುವುದು ಅಲ್ಲಿಯೇ. ಜಾಯಿಂಟ್ ಆರ್ಮ್‌ಗೆ ಬೋಲ್ಟ್‌ಗಳಿಂದ ಕೂತಿದ್ದರೆ ನೀವು ಅದೃಷ್ಟವಂತರು. ರಿವೆಟ್ ಇದ್ದರೆ ತಲೆಯ ನಡುವೆ ಪಂಚ್ ಗುರುತು ಹಾಕಿ, ಮೊದಲು ಸಣ್ಣ ಡ್ರಿಲ್, ಆಮೇಲೆ ದೊಡ್ಡದು, ಕೊನೆಗೆ ಉಳಿ. ಒತ್ತಿ ಕೂರಿಸಿದ ಬಗೆಯಾದರೆ ಮೊದಲು ಸರ್ಕ್ಲಿಪ್ (ಜಾಯಿಂಟ್ ಜಾರದಂತೆ ಹಿಡಿಯುವ ಉಕ್ಕಿನ ಬಳೆ) ಹುಡುಕಿ ತೆಗೆಯಿರಿ. ಕೆಸರು, ತುಕ್ಕು ಮುಚ್ಚಿಕೊಂಡು ಅದು ಕಾಣುವುದೇ ಇಲ್ಲ. ತಂತಿ ಬ್ರಷ್‌ನಿಂದ ಉಜ್ಜದೆ ಪ್ರೆಸ್ ಹಚ್ಚಿದವರು ಸರ್ಕ್ಲಿಪ್ ಜೊತೆ ಕುಸ್ತಿಯಾಡುತ್ತಿರುತ್ತಾರೆ. ತುಕ್ಕಿಗೆ ನುಗ್ಗುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿಡಿ. ಸಿ ಆಕಾರದ ಪ್ರೆಸ್‌ನ ಸ್ಕ್ರೂಗೆ ಗ್ರೀಸ್ ಹಚ್ಚಿ, ಬಟ್ಟಲುಗಳು ಓರೆಯಾಗದಂತೆ ನೋಡಿಕೊಂಡು ಬಿಗಿಯಿರಿ. ಇಲ್ಲಿಯೂ ಅದೇ ಸೂತ್ರ: ಒತ್ತಡವಿರುವಾಗ ರಂಧ್ರದ ಸುತ್ತಲಿನ ಆರ್ಮ್‌ಗೆ ಪಕ್ಕೆಯಿಂದ ಏಟು.

ನೀವು ಕೇಳಿದ ಜ್ವಾಲೆಗೆ ಇಲ್ಲಿ ಅರ್ಥವಿದೆ. ಲೆಕ್ಕ ನೋಡಿ: 40 ಮಿ.ಮೀ. ವ್ಯಾಸದ ಉಕ್ಕಿನ ರಂಧ್ರ ನೂರು ಡಿಗ್ರಿ ಬಿಸಿ ಏರಿದರೆ ಸುಮಾರು 0.05 ಮಿ.ಮೀ. ಹಿಗ್ಗುತ್ತದೆ. ಕಣ್ಣಿಗೆ ಕಾಣದ ಇಷ್ಟೇ ಅಂತರ ತುಕ್ಕಿನ ಹಿಡಿತವನ್ನು ಬಿಡಿಸಬಲ್ಲದು. ಕಾಯಿಸುವುದು ಆರ್ಮನ್ನು, ಜಾಯಿಂಟನ್ನಲ್ಲ. ಮುಚ್ಚಿದ ಜಾಯಿಂಟ್ ಕಾದರೆ ಒಳಗಿನ ಗ್ರೀಸ್ ಒತ್ತಡ ತುಂಬಿ ಸಿಡಿಯಬಹುದು. ಕಬ್ಬಿಣ ಕೆಂಪಾಗಬಾರದು, ಅದರ ಗಡಸುತನ ಹೋಗುತ್ತದೆ. ಅಲ್ಯೂಮಿನಿಯಂ ಆರ್ಮ್‌ಗೆ ಜ್ವಾಲೆಯೇ ಬೇಡ. ಹಿಂದಿನ ರಾತ್ರಿಯ ಎಣ್ಣೆಯನ್ನು ಒರೆಸಿಬಿಡಿ, ಬ್ರೇಕ್ ಹೋಸ್, ಎಬಿಎಸ್ ತಂತಿ, ಬುಷ್‌ಗಳಿಂದ ಜ್ವಾಲೆಯನ್ನು ದೂರವಿಡಿ. ಆರ್ಮನ್ನು ಕಾರಿನಿಂದ ಬಿಚ್ಚಿ ಹೊರಗಿಟ್ಟುಕೊಂಡರೆ ಈ ತಲೆನೋವುಗಳಲ್ಲಿ ಅರ್ಧ ಇರುವುದೇ ಇಲ್ಲ. ಅಷ್ಟು ಮಾಡಿದ ಮೇಲೆ ಹೊಸ ಬುಷ್ ಇರುವ ಪೂರ್ತಿ ಆರ್ಮನ್ನೇ ಹಾಕಿಬಿಡುವುದು ಜಾಣತನ ಎಂದು ನನ್ನ ಪಕ್ಷಪಾತ. ಹಾಗೆ ಹಾಕಿದರೆ ಬುಷ್‌ನ ಬೋಲ್ಟ್‌ಗಳ ಕೊನೆಯ ಬಿಗಿ ಕಾರಿನ ಭಾರ ಗಾಲಿಗಳ ಮೇಲೆ ಇಳಿದ ನಂತರ. ತೂಗುವ ಆರ್ಮ್‌ನಲ್ಲಿ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಮೊದಲೇ ಬರೆಯಬೇಕಾದದ್ದು ಇದು: ಕೆಳ ಆರ್ಮ್‌ನ ಮೇಲೆ ಸ್ಪ್ರಿಂಗ್ ಕೂತಿದೆಯೇ? ಮೇಲೊಂದು ಕೆಳಗೊಂದು ಆರ್ಮ್ ಇರುವ ಕಾರುಗಳಲ್ಲಿ ಹೀಗಿರುವುದುಂಟು. ಅಲ್ಲಿ ಆ ಸ್ಪ್ರಿಂಗನ್ನು ತಡೆದಿರುವುದೇ ಬಾಲ್ ಜಾಯಿಂಟ್. ಬಿಚ್ಚಿದೊಡನೆ ಆರ್ಮ್ ಕೆಳಕ್ಕೆ ಒದೆಯುತ್ತದೆ, ಸ್ಪ್ರಿಂಗ್ ಹಾರುತ್ತದೆ. ಮನುಷ್ಯರನ್ನು ಕೊಲ್ಲುವಷ್ಟು ಬಲ. ಆರ್ಮ್‌ನ ಹೊರತುದಿಗೆ ಗಟ್ಟಿ ಜಾಕ್ ಕೊಟ್ಟು, ಬಿಟ್ಟ ಮೇಲೆ ನಿಧಾನವಾಗಿ ಇಳಿಸಬೇಕು. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಸ್ಟ್ರಟ್ ಬಗೆಯಲ್ಲಿ ಈ ಅಪಾಯವಿಲ್ಲ. ಆದರೆ ಯಾವ ಬಗೆಯೇ ಇರಲಿ, ಕಾರು ನಿಲ್ಲಬೇಕಾದದ್ದು ಸ್ಟ್ಯಾಂಡ್‌ಗಳ ಮೇಲೆ, ಜಾಕ್ ಒಂದರ ಮೇಲಲ್ಲ. ಬಿಟ್ಟ ನಕಲನ್ನು ಹೊರಕ್ಕೆ ಎಳೆದಾಡಬೇಡಿ; ಡ್ರೈವ್ ಶಾಫ್ಟ್‌ನ ಒಳ ಜಾಯಿಂಟ್ ಕಳಚಿಕೊಳ್ಳುತ್ತದೆ.

ಪ್ರಶ್ನೆ: ಹೊಸ ಬಾಲ್ ಜಾಯಿಂಟ್‌ನ ನಟ್ ಬಿಗಿಯುವಾಗ ಸ್ಟಡ್ ಕೂಡ ಸುತ್ತುತ್ತಿದೆ. ಸ್ಟಡ್‌ಗೆ ಸ್ವಲ್ಪ ಗ್ರೀಸ್ ಹಚ್ಚಬಹುದೇ?

ಉತ್ತರ: ಬೇಡವೇ ಬೇಡ. ಆ ಇಳಿಜಾರು ಒಣಗಿ, ಚೊಕ್ಕಟವಾಗಿದ್ದರೆ ಮಾತ್ರ ಹಿಡಿಯುತ್ತದೆ. ಆರ್ಮ್‌ನ ಕೆಳಗಿಂದ ಜಾಕ್‌ನಲ್ಲಿ ತುಸು ಎತ್ತಿ ಸ್ಟಡ್ ಕಣ್ಣಿನೊಳಗೆ ಒತ್ತಿ ಕೂರುವಂತೆ ಮಾಡಿ, ಸುತ್ತುವುದು ನಿಲ್ಲುತ್ತದೆ. ಕೆಲವು ಸ್ಟಡ್‌ಗಳ ತುದಿಯಲ್ಲಿ ಅಲೆನ್ ಕೀಗೆಂದು ಗುಳಿಯಿರುತ್ತದೆ, ಅದನ್ನು ಹಿಡಿದುಕೊಂಡೂ ಬಿಗಿಯಬಹುದು. ಕಾರಿನ ಕೈಪಿಡಿಯಲ್ಲಿ ಹೇಳಿದ ಟಾರ್ಕ್‌ಗೆ ಬಿಗಿದ ಮೇಲೆ ಕ್ಯಾಸಲ್ ನಟ್‌ನ ಸೀಳು ಪಿನ್ನಿನ ತೂತಿಗೆ ಸರಿಹೊಂದದಿದ್ದರೆ ಇನ್ನಷ್ಟು ಬಿಗಿದು ಹೊಂದಿಸಿ. ಹಿಂದಕ್ಕೆ ಸಡಿಲಿಸಿ ಹೊಂದಿಸಬಾರದು. ಸ್ಪ್ಲಿಟ್ ಪಿನ್ ಹೊಸದೇ ಇರಲಿ.

ಪ್ರಶ್ನೆ: ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಬೇಕೇ?

ಉತ್ತರ: ಬೇಕು. ಹೊಸ ಜಾಯಿಂಟ್ ಹಳೆಯದರ ಜಾಗದಲ್ಲೇ ಕೂದಲಂತರವೂ ಇಲ್ಲದೆ ಕೂರುತ್ತದೆಂದು ನಂಬಬೇಡಿ. ಅದಕ್ಕೂ ಮೊದಲು ನಟ್‌ಗಳನ್ನು ಇನ್ನೊಮ್ಮೆ ಟಾರ್ಕ್ ವ್ರೆಂಚ್‌ನಿಂದ ಪರೀಕ್ಷಿಸಿ.

ಪ್ರಶ್ನೆ: ಹೊಸ ಜಾಯಿಂಟ್‌ಗೆ ಗ್ರೀಸ್ ನಿಪ್ಪಲ್ ಇಲ್ಲ. ಗ್ರೀಸ್ ತುಂಬುವುದು ಹೇಗೆ?

ಉತ್ತರ: ತುಂಬುವ ಅಗತ್ಯವಿಲ್ಲ, ತಯಾರಿಸುವಾಗಲೇ ತುಂಬಿ ಮುಚ್ಚಿರುತ್ತಾರೆ. ಬೂಟಿಗೆ ಸೂಜಿ ಚುಚ್ಚಿ ಗ್ರೀಸ್ ಹಾಕುವವರನ್ನು ನೋಡಿದ್ದೇನೆ. ಆ ತೂತಿನಿಂದ ನೀರು, ಮರಳು ಒಳಹೋಗಿ ಹೊಸ ಜಾಯಿಂಟ್ ಹಳೆಯದಕ್ಕಿಂತ ಬೇಗ ಸವೆಯುತ್ತದೆ.